‘ಅಲ್ಲಿದೆ ನೋಡಿ’ ಅಂದರೆ ಎಲ್ಲಿ ಮಾರಾಯ್ರೇ?

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಕಣ್ಣು ಕಾಣದ ಸಂಗೀತಗಾರರೊಬ್ಬರ ಬಗ್ಗೆ ಪೂರ್ತಿ ಒಂದು ಪುಟದ ಲೇಖನ ಬಂದಿತ್ತಂತೆ. ‘ಬಂದಿತ್ತಂತೆ’ ಅಂತ ಯಾಕೆ ಬರೆದೆ ಅಂದರೆ, ಅವತ್ತು ಬೆಳಗ್ಗೆ ನನಗೆ ಅದನ್ನು ಓದಲು ಆಗಲಿಲ್ಲ. ಭಾವ ಫೋನ್ ಮಾಡಿ ‘ನಿಮ್ಮವರ ಬಗ್ಗೆ ಚಂದ ಬರೆದಿದ್ದಾರೆ, ಓದಿ’ ಅಂದರು. ನಿಮ್ಮ ಇ-ಪೇಪರ್ ತೆರೆದೆ. ಪರದೆಯ ಮೇಲೆ ಇದ್ದದ್ದನ್ನು ನನ್ನ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಅವತ್ತು ಅದು ಹೇಳಿದ್ದು ಒಂದೇ ಮಾತು, ‘ಇಮೇಜ್’. ಬೆರಳು ಸರಿಸಿದೆ. ಮತ್ತೆ ‘ಇಮೇಜ್’. ಇನ್ನೊಂದು ಸಲ ಸರಿಸಿದೆ, ‘ಅನ್‌ಲೇಬಲ್ಡ್ ಬಟನ್’ ಅಂದಿತು. ಕುರುಡರ ಬಗ್ಗೆ ಬಂದ ಲೇಖನವನ್ನು ನಮ್ಮ ಮನೆಯಲ್ಲಿ ಕುರುಡನೊಬ್ಬನನ್ನು ಬಿಟ್ಟು ಬಾಕಿ ಎಲ್ಲರೂ ಓದಿದರು. ಮೊದಲು ನಗು ಬಂತು. ಸಂಜೆ ಹೊತ್ತಿಗೆ ಸಿಟ್ಟೂ ಬಂತು, ಅದಕ್ಕೇ ಈ ಪತ್ರ.

ರಾತ್ರಿ ಮಗಳು ಓದಿ ಹೇಳಿದಳು. ಬರೆದವರಿಗೆ ಪ್ರೀತಿ ಇದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಒಂದು ಪುಟದಲ್ಲಿ ‘ಕತ್ತಲೆ’ ಹನ್ನೊಂದು ಸಲ ಬಂದಿತ್ತು (ಮಗಳು ಎಣಿಸಿದಳು, ಇಂಥ ಲೆಕ್ಕ ನನಗೆ ಇಷ್ಟ ಅಂತ ಅವಳಿಗೆ ಗೊತ್ತು), ‘ಒಳಗಣ್ಣು’ ನಾಲ್ಕು ಸಲ. ಆ ಮನುಷ್ಯ ಸಂಗೀತ ಕಚೇರಿಗೆ ಹೋಗಿ ಬರುವುದು ಹೇಗೆ, ಸಂಭಾವನೆಯ ನೋಟು ಎಣಿಸುವುದು ಹೇಗೆ, ಹೋಟೆಲಿಗೆ ಹೋದರೆ ತಿಂಡಿ ಏನಿದೆ ಅಂತ ತಿಳಿಯುವುದು ಹೇಗೆ, ಇದರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಬದುಕು ಇರುವುದೇ ಅಲ್ಲಿ. ಒಳಗಣ್ಣು ನಂಬಿಕೊಂಡು ಮುಂಬಯಿಯ ದಾದರ್ ಸ್ಟೇಷನ್ನಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಕೋಲು ಬೇಕು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಊರು ಕುಂದಾಪುರದ ಕಡೆ, ಈಗ ವಯಸ್ಸು 57. ಹದಿನಾಲ್ಕಕ್ಕೆ ಮುಂಬಯಿಗೆ ಬಂದೆ, ನಮ್ಮ ಕಡೆಯ ಎಲ್ಲರ ಹಾಗೆ ಹೋಟೆಲಿಗೆ. ಹಗಲು ಮೇಜು ಒರೆಸುವುದು, ರಾತ್ರಿ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆ. ಶಾಲೆ ಮುಗಿಸಿ ಬರುವಾಗ ಕಂಬಕ್ಕೆ, ಕೈಗಾಡಿಗೆ, ಫುಟ್‌ಪಾತಿನಲ್ಲಿ ಮಲಗಿದವರ ಕಾಲಿಗೆ ತಾಗುತ್ತಿದ್ದವನು ನಾನೊಬ್ಬನೇ. ‘ಇವನಿಗೆ ನಡೆಯುತ್ತಲೇ ನಿದ್ದೆ’ ಅಂತ ಜೊತೆಯವರು ನಗುತ್ತಿದ್ದರು. ಇದು ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಗೊತ್ತಾಗುವಾಗ ಇಪ್ಪತ್ತೆಂಟು ಆಗಿತ್ತು. ಕಣ್ಣಿನ ಹಿಂದಿನ ಪರದೆಯಲ್ಲಿ ಮಬ್ಬು ಬೆಳಕಿಗೆ ಅಂತಲೇ ಇರುವ ಜೀವಕೋಶಗಳು ಮೊದಲು ಸಾಯುತ್ತವೆ, ಹಾಗಾಗಿ ಶುರುವಾಗುವುದು ಇರುಳುಗುರುಡಿನಿಂದ. ಆಮೇಲೆ ಅಂಚುಗಳು ಹೋಗುತ್ತವೆ. ಕೊನೆಗೆ ಕೊಳವೆಯೊಳಗಿಂದ ಇಣುಕಿದ ಹಾಗೆ ನಡುವಿನ ಸ್ವಲ್ಪ ಮಾತ್ರ ಉಳಿಯುತ್ತದೆ. ವಂಶದಲ್ಲಿ ಬರುವ ಕಾಯಿಲೆ ಇದು, ನನ್ನ ಅಪ್ಪ ಅಮ್ಮ ಸೋದರ ಸಂಬಂಧದವರು.

ಈ ಕೊಳವೆಯ ನೋಟದ ಹತ್ತು ಹನ್ನೆರಡು ವರ್ಷ ಇತ್ತಲ್ಲ, ಈಗ ಬೆಳಕು ನೆರಳು ಬಿಟ್ಟು ಏನೂ ಕಾಣದ ದಿನಗಳಿಗಿಂತ ಕಷ್ಟದ್ದು ಅದೇ. ಯಾಕೆಂದರೆ ಯಾರೂ ನಂಬುವುದಿಲ್ಲ. ಲೋಕಲ್ ಟ್ರೈನಿನಲ್ಲಿ ಅಂಗವಿಕಲರಿಗೆ ಅಂತ ಇರುವ ಹ್ಯಾಂಡಿಕ್ಯಾಪ್ ಡಬ್ಬಾದಲ್ಲಿ ಕೂತು ನಿಮ್ಮ ಪೇಪರಿನ ತಲೆಬರಹ ಓದುತ್ತಿದ್ದೆ, ಓದಲು ಆಗುತ್ತಿತ್ತು. ದಹಿಸರ್‌ನಲ್ಲಿ ಹತ್ತಿದ ಒಬ್ಬರು ಜಗಳಕ್ಕೇ ಬಂದರು. ಕೈಯಲ್ಲಿ ಬಿಳಿ ಕೋಲು, ಮತ್ತೆ ಪೇಪರ್ ಓದುತ್ತಾನೆ, ನಾಟಕ ಅಂತ. ಅಕ್ಷರ ಕಾಣುವವನಿಗೆ ಕಾಲ ಬುಡದ ಬಕೆಟ್ ಕಾಣುವುದಿಲ್ಲ ಅಂತ ಮರಾಠಿಯಲ್ಲಿ ಹೇಳುವಷ್ಟರಲ್ಲಿ ಬೊರಿವಲಿ ಬಂದಿತ್ತು. ಕಾನೂನಿಗೆ ಇದು ಗೊತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಟದ ಹರವು 10 ಡಿಗ್ರಿಗಿಂತ ಕಡಿಮೆಯಾದರೆ, ನಡುವೆ ಎಷ್ಟು ಚೆನ್ನಾಗಿ ಕಂಡರೂ ಅದು ಕುರುಡೇ. ಡಬ್ಬಾದಲ್ಲಿ ಕೂತವರಿಗೆ ಡಿಗ್ರಿ ಅಳೆಯಲು ಆಗುವುದಿಲ್ಲವಲ್ಲ. ಪಾಪ, ಅವರದೂ ತಪ್ಪಲ್ಲ. ಅವರಲ್ಲಿ ಅರ್ಧದಷ್ಟು ಜನರ ತೊಂದರೆಯೂ ಹೊರಗೆ ಕಾಣುವಂಥದ್ದಲ್ಲ, ಕ್ಯಾನ್ಸರಿನವರೂ ಅದೇ ಡಬ್ಬಾದಲ್ಲಿ ಬರುತ್ತಾರೆ, ಅವರಿಗೂ ಇದೇ ಮಾತು ಕೇಳಿಸುತ್ತದೆ.

‘ಕುರುಡ’ ಅಂತ ಬರೆದದ್ದಕ್ಕೆ ನಿಮ್ಮ ಡೆಸ್ಕಿನವರು ತಿದ್ದುವುದು ಬೇಡ. ‘ದಿವ್ಯಾಂಗ’ ಅಂತ ಹಾಕಬೇಡಿ. ದಿವ್ಯವಾದದ್ದು ಏನೂ ಇಲ್ಲ ನಮ್ಮಲ್ಲಿ.

ಇನ್ನೊಂದು ಸಂಕೋಚವನ್ನೂ ಬಿಟ್ಟುಬಿಡಿ. ನಾನು ‘ನಿನ್ನೆ ಮ್ಯಾಚ್ ನೋಡಿದೆ’ ಅಂದರೆ ಎದುರಿನವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ‘ಆಮೇಲೆ ನೋಡೋಣ’ ಅಂತ ತಾವೇ ಅಂದು, ನಾಲಿಗೆ ಕಚ್ಚಿಕೊಂಡು, ಸಾರಿ ಕೇಳುತ್ತಾರೆ. ಬೇಡ. ನಮ್ಮ ಕನ್ನಡದಲ್ಲಿ ನೋಡುವುದಕ್ಕೆ ಕಣ್ಣೇ ಬೇಕು ಅಂತ ಎಲ್ಲಿದೆ? ಸಾರಿನ ರುಚಿ ನೋಡುತ್ತೇವೆ. ಹಲಸಿನ ಹಣ್ಣು ಮೂಸಿ ನೋಡುತ್ತೇವೆ, ಬಟ್ಟೆ ಮುಟ್ಟಿ ನೋಡುತ್ತೇವೆ, ಪರಿಚಯದವರನ್ನು ಸಾಲ ಕೇಳಿ ನೋಡುತ್ತೇವೆ. ಪಂಡಿತರು ನಾಡಿ ನೋಡುವಾಗ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ. ಇಷ್ಟು ಧಾರಾಳವಾದ ಮಾತು ಇದು, ಇದರಿಂದ ನನಗೆ ಒಂದು ದಿನವೂ ತೊಂದರೆ ಆಗಿಲ್ಲ. ತೊಂದರೆ ಇರುವುದು ಸಣ್ಣ ಸಣ್ಣ ಮಾತುಗಳಲ್ಲಿ. ಅಲ್ಲಿ, ಇಲ್ಲಿ, ಅದು, ಹೀಗೆ. ಆಸ್ಪತ್ರೆಯಲ್ಲಿ ‘ಅಲ್ಲಿ ಹೋಗಿ’. ಕಚೇರಿಯಲ್ಲಿ ‘ಇಲ್ಲಿ ಸೈನ್ ಮಾಡಿ’. ದಾರಿ ಕೇಳಿದರೆ ‘ಅಲ್ಲಿದೆ ನೋಡಿ’. ಬೆರಳು ಎಲ್ಲಿಗೋ ತೋರಿಸುತ್ತಿರುತ್ತದೆ, ನನಗೆ ಬರುವುದು ಬರೀ ‘ಅಲ್ಲಿ’. ಅದರ ಬದಲು ‘ನಿಮ್ಮ ಬಲಕ್ಕೆ ಹತ್ತು ಹೆಜ್ಜೆ, ಆಮೇಲೆ ಒಂದು ಮೆಟ್ಟಿಲು’ ಅಂದರೆ ಮುಗಿಯಿತು. ನಾಲ್ಕು ಪದ ಜಾಸ್ತಿ, ಅಷ್ಟೇ.

ಒಂದು ಕಾಲದಲ್ಲಿ ಆ ನಾಲ್ಕು ಪದವನ್ನು ಜನ ತಾವಾಗಿ ಹೇಳುತ್ತಿದ್ದರು ಅಂತ ನನಗೆ ಅನಿಸುತ್ತದೆ. ವಯಸ್ಸಾದವನ ಗೊಣಗಾಟ ಅಂತ ಬಿಡಬೇಡಿ, ನಮ್ಮ ಉಡುಪಿ ಹೋಟೆಲನ್ನೇ ತೆಗೆದುಕೊಳ್ಳಿ. ಗಿರಾಕಿ ಕೂತ ಕೂಡಲೇ ಮಾಣಿ ಬಂದು ನೀರಿನ ಲೋಟ ಟಕ್ ಅಂತ ಇಟ್ಟು, ಇಡ್ಲಿ ವಡೆ ಸಾದಾ ಮಸಾಲೆ ಮೈಸೂರು ಉತ್ತಪ್ಪ ಉಪ್ಪಿಟ್ಟು ಶಿರಾ ಅಂತ ಒಂದೇ ಉಸಿರಿನಲ್ಲಿ ಹೇಳಿ, ಕೊನೆಯಲ್ಲಿ ‘ಬಿಸಿ ಇರುವುದು ಗೋಳಿಬಜೆ’ ಅಂತ ಸಲಹೆಯನ್ನೂ ಕೊಡುತ್ತಿದ್ದ. ನಾನೂ ಹಾಗೆ ಹೇಳಿದವನೇ. ಓದಲು ಬಾರದ ಹಮಾಲನಿಗೂ ಕನ್ನಡಕ ಮರೆತು ಬಂದ ವಕೀಲರಿಗೂ ಅದು ಸಾಕಾಗುತ್ತಿತ್ತು. ನನ್ನ ಫೋನು ಈಗ ಮಾಡುವ ಕೆಲಸವನ್ನೇ ಮಾಣಿ ಆಗ ಮಾಡುತ್ತಿದ್ದ, ಚಾರ್ಜ್ ಇಲ್ಲದೆ. ಈಗ ಮೇಜಿನ ಮೇಲೆ ಚೌಕದ ಒಂದು ಸ್ಟಿಕರ್. ಅದಕ್ಕೆ ಕ್ಯಾಮೆರಾ ಹಿಡಿದು ಸ್ಕ್ಯಾನ್ ಮಾಡಬೇಕು. ಹೇಗೋ ಅಂದಾಜಿನಲ್ಲಿ ಹಿಡಿದು ಸ್ಕ್ಯಾನ್ ಮಾಡಿದರೂ ತೆರೆದುಕೊಳ್ಳುವುದು ಮೆನು ಕಾರ್ಡಿನ ಫೋಟೋ. ‘ಇಮೇಜ್’. ಹುಡುಗನನ್ನು ಕರೆದು ಏನಿದೆ ಅಂತ ಕೇಳಿದರೆ ‘ಸಾರ್, ಅದರಲ್ಲೇ ಇದೆ ನೋಡಿ’ ಅನ್ನುತ್ತಾನೆ.

ನೋಟಿನ ವಿಷಯ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಅದು ನನ್ನ ಹೊಟ್ಟೆಪಾಡಿನದ್ದು.

1994ರಿಂದ ನಾನು ಭಾವನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತವನು. ಕಣ್ಣು ಹೋಗುತ್ತಾ ಬಂದ ಹಾಗೆ ಬೆರಳು ಕಲಿಯಿತು. ಹಳೆಯ ನೋಟುಗಳಲ್ಲಿ ಲೆಕ್ಕ ಸುಲಭ. ನೂರರದ್ದು 157 ಮಿಲಿಮೀಟರ್ ಉದ್ದ, ಐನೂರರದ್ದು 167, ಸಾವಿರದ್ದು 177. ಒಂದೊಂದಕ್ಕೂ ಒಂದು ಸೆಂಟಿಮೀಟರ್ ವ್ಯತ್ಯಾಸ. ನೋಟನ್ನು ತೋರುಬೆರಳು ಮಧ್ಯದ ಬೆರಳಿನ ನಡುವೆ ಇಟ್ಟು ಅಂಗೈಗೆ ಮಡಿಸಿದರೆ ತುದಿ ಎಲ್ಲಿಗೆ ಬರುತ್ತದೆ ಅಂತ ಗೊತ್ತಾಗುತ್ತಿತ್ತು. ಗಿರಾಕಿ ಬಾಯಿ ತೆರೆಯುವ ಮೊದಲು ಚಿಲ್ಲರೆ ಕೈಯಲ್ಲಿರುತ್ತಿತ್ತು. 2016ರ ನವೆಂಬರಿನಲ್ಲಿ ನೋಟು ಬದಲಾಯಿತು. ಹೊಸ ಐನೂರು 150 ಮಿಲಿಮೀಟರ್. 2017ರಲ್ಲಿ ಬಂದ ಇನ್ನೂರು 146. 2018ರ ಹೊಸ ನೂರು 142. ಅಗಲ ಮೂರಕ್ಕೂ ಒಂದೇ, 66. ಅಂದರೆ ನೂರಕ್ಕೂ ಇನ್ನೂರಕ್ಕೂ, ಇನ್ನೂರಕ್ಕೂ ಐನೂರಕ್ಕೂ ಇರುವ ವ್ಯತ್ಯಾಸ 4 ಮಿಲಿಮೀಟರ್. ಒಂದು ಕುಚ್ಚಲಕ್ಕಿ ಕಾಳಿನಷ್ಟೂ ಇಲ್ಲ. ಇದರ ಮೇಲೆ ಹಳೆಯ ನೂರರ ನೋಟು ಚಲಾವಣೆಯಲ್ಲಿ ಹಾಗೇ ಉಳಿಯಿತು, ಅದು ಹೊಸ ಐನೂರಕ್ಕಿಂತ ದೊಡ್ಡದು! ಇಪ್ಪತ್ತು ವರ್ಷ ‘ದೊಡ್ಡ ಕಾಗದ ದೊಡ್ಡ ದುಡ್ಡು’ ಅಂತ ಕಲಿತ ಬೆರಳಿಗೆ ಯಾರು ಹೇಳಬೇಕು?

ಗುರುತು ಇದೆ, ಇಲ್ಲ ಅನ್ನುವುದಿಲ್ಲ. ನೂರಕ್ಕೆ ಉಬ್ಬಿದ ತ್ರಿಕೋನ, ಐನೂರಕ್ಕೆ ವೃತ್ತ, ಅಂಚಿನಲ್ಲಿ ಓರೆ ಗೆರೆಗಳು, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಗರಿಗರಿ ನೋಟಿನಲ್ಲಿ ಚೆನ್ನಾಗಿ ಸಿಗುತ್ತವೆ. ಮುಂಬಯಿಯ ಬೆವರಿನಲ್ಲಿ, ಮೀನಿನವರ ಸೊಂಟದಲ್ಲಿ, ರಿಕ್ಷಾದವರ ಜೇಬಿನಲ್ಲಿ ಆರು ತಿಂಗಳು ತಿರುಗಿದ ನೋಟಿನಲ್ಲಿ ಹುಡುಕಿ ನೋಡಿ. ವರ್ಲಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ ಇದೇ ವಿಷಯ ಹಿಡಿದು ಬಾಂಬೆ ಹೈಕೋರ್ಟಿಗೆ ಹೋಯಿತು. 2020ರ ಜನವರಿ 1ಕ್ಕೆ ರಿಸರ್ವ್ ಬ್ಯಾಂಕ್ ‘ಮನಿ’ ಅಂತ ಒಂದು ಆ್ಯಪ್ ತಂದಿತು. ಕ್ಯಾಮೆರಾದ ಎದುರು ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ಮನೆಯಲ್ಲಿ ಕೂತು ಎಣಿಸಲು ಒಳ್ಳೆಯದೇ. ಮಧ್ಯಾಹ್ನ ಒಂದೂವರೆಗೆ ಗಲ್ಲಾದ ಎದುರು ಹದಿನೈದು ಜನ ನಿಂತಾಗ ಒಂದೊಂದು ನೋಟನ್ನೂ ಫೋಟೋಕ್ಕೆ ಕೂರಿಸಲು ಆಗುತ್ತದಾ? ನಾಣ್ಯದಲ್ಲಿ ಮಾತ್ರ ಬುದ್ಧಿ ಓಡಿಸಿದ್ದಾರೆ. 2019ರ ಹೊಸ ಸರಣಿಯಲ್ಲಿ ಬೆಲೆ ಏರಿದ ಹಾಗೆ ಗಾತ್ರ, ತೂಕ ಏರುತ್ತದೆ, ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಮುಟ್ಟಿದರೆ ಸಾಕು.

2018ರ ದೀಪಾವಳಿಯ ವಾರ ಒಂದು ರಾತ್ರಿ ಲೆಕ್ಕದಲ್ಲಿ ಒಂಬೈನೂರು ರೂಪಾಯಿ ಕಡಿಮೆ ಬಂತು. ಮರುದಿನ ನಾನೂರು. ಯಾರೋ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ, ನಾನೇ ತಪ್ಪು ಚಿಲ್ಲರೆ ಕೊಟ್ಟಿರಬಹುದು. ಭಾವ ಏನೂ ಅನ್ನಲಿಲ್ಲ. ಅಳಿಯ ಮಾತ್ರ ಮೆತ್ತಗೆ ‘ಮಾವ, ನೀವು ಕೆಲವು ದಿನ ಒಳಗಿನ ಸಾಮಾನಿನ ಲೆಕ್ಕ ಹೇಳಿ, ನಾನು ಬರೆದುಕೊಳ್ಳುತ್ತೇನೆ’ ಅಂದ. ಅರ್ಥ ಆಯಿತು. ಇಪ್ಪತ್ತನಾಲ್ಕು ವರ್ಷ ಕೂತ ಕುರ್ಚಿಯಿಂದ ಎದ್ದೆ.

ವಾಪಸ್ ಕೂರಿಸಿದ್ದು ಯಾವ ಕಾನೂನೂ ಅಲ್ಲ, ಯಾವ ಕರುಣೆಯೂ ಅಲ್ಲ. ಗಲ್ಲಾದ ಮೇಲೆ ಇಡುವ ಒಂದು ಸಣ್ಣ ಡಬ್ಬಿ. ಗಿರಾಕಿ ಸ್ಕ್ಯಾನ್ ಮಾಡಿ ದುಡ್ಡು ಕಳಿಸಿದ ಕೂಡಲೇ ‘ನೂರಾ ನಲವತ್ತು ರೂಪಾಯಿ ಬಂದಿದೆ’ ಅಂತ ಕೂಗುತ್ತದಲ್ಲ, ಅದೇ. ಈಗ ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಕೊಡುತ್ತಾರೆ. ನೋಟು ಕೊಡುವವರು ಕಡಿಮೆ, ಅವರ ನೋಟನ್ನು ಪಕ್ಕದಲ್ಲಿ ಕೂತ ಹುಡುಗ ಹೆಸರು ಹೇಳಿ ಕೊಡುತ್ತಾನೆ. ಆ ಡಬ್ಬಿಯನ್ನು ನಮಗೋಸ್ಕರ ಮಾಡಿದ್ದಲ್ಲ. ಅಂಗಡಿಯವನಿಗೆ ಪ್ರತಿ ಸಲ ಫೋನ್ ತೆಗೆದು ನೋಡಲು ಪುರುಸೊತ್ತು ಇರುವುದಿಲ್ಲ ಅಂತ ಮಾಡಿದ್ದು. ಕಣ್ಣು ಬೇರೆ ಕಡೆ ಇರುವವನಿಗೆ ಅಂತ ಮಾಡಿದ್ದು ಕಣ್ಣೇ ಇಲ್ಲದವನಿಗೂ ಆಯಿತು.

ಇನ್ನು ಲೋಕಲ್ ಟ್ರೈನು. ನಾನಿರುವುದು ವಸಾಯಿಯಲ್ಲಿ, ಹೋಟೆಲು ದಾದರ್‌ನಲ್ಲಿ. ಜನರಿಗೆ ಆಶ್ಚರ್ಯ, ಒಬ್ಬರೇ ಹೇಗೆ ಬರುತ್ತೀರಿ ಅಂತ. ಟ್ರೈನು ನನಗೆ ರಸ್ತೆಗಿಂತ ಸುಲಭ, ಯಾಕೆಂದರೆ ಅದು ಮಾತಾಡುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಹ್ಯಾಂಡಿಕ್ಯಾಪ್ ಡಬ್ಬಾ ನಿಲ್ಲುವ ಜಾಗದಲ್ಲಿ ಪೀಂ ಪೀಂ ಅಂತ ಒಂದು ಶಬ್ದ ಬರುವ ಹಾಗೆ ಮಾಡಿದ್ದಾರೆ, ಅದರ ಕೆಳಗೆ ಹೋಗಿ ನಿಂತರೆ ಬಾಗಿಲು ಎದುರಿಗೇ ಬರುತ್ತದೆ (ಕೆಟ್ಟಿಲ್ಲದಿದ್ದರೆ). ಒಳಗೆ ‘ಪುಢೀಲ್ ಸ್ಟೇಶನ್’ (ಮುಂದಿನ ಸ್ಟೇಷನ್) ಅಂತ ಮೂರು ಭಾಷೆಯಲ್ಲಿ ಹೇಳುತ್ತಾರೆ. ಅದು ಕೈಕೊಟ್ಟರೂ ದಾರಿ ಗೊತ್ತಾಗುತ್ತದೆ. ನಾಯಗಾಂವ್ ದಾಟಿದ ಮೇಲೆ ಖಾಡಿಯ (ಸಮುದ್ರದ ಹಿನ್ನೀರಿನ) ಸೇತುವೆ, ಟ್ರೈನಿನ ಸದ್ದು ಟೊಳ್ಳಾಗುತ್ತದೆ, ನಡುವೆ ಪಾಂಜು ದ್ವೀಪ ಬಂದಾಗ ಒಂದು ಸಲ ಗಟ್ಟಿಯಾಗಿ ಮತ್ತೆ ಟೊಳ್ಳಾಗುತ್ತದೆ, ಅಷ್ಟರಲ್ಲಿ ಭಾಯಂದರ್. ಬಾಂದ್ರಾ ಆದ ಮೇಲೆ ಮೀಠೀ ನದಿಯ ನಾತ, ಮಾಹಿಮ್ ಅಂತ ಯಾರೂ ಹೇಳುವುದು ಬೇಡ. ಮೊದಲು ಪಾರ್ಲೆ ಬಂದದ್ದು ಬಿಸ್ಕತ್ತಿನ ಪರಿಮಳದಿಂದ ಗೊತ್ತಾಗುತ್ತಿತ್ತು, 2016ರಲ್ಲಿ ಆ ಫ್ಯಾಕ್ಟರಿ ಮುಚ್ಚಿತು. ಊರಿನವರಿಗೆಲ್ಲ ಬೇಸರವಾಯಿತು, ನನಗೆ ಒಂದು ಸ್ಟೇಷನ್ನಿನ ಬೋರ್ಡೇ ಕಿತ್ತುಹಾಕಿದ ಹಾಗೆ ಆಯಿತು. ದಾದರ್‌ನಲ್ಲಿ ಇಳಿದು ಪಶ್ಚಿಮಕ್ಕೆ ಬಂದರೆ ಹೂವಿನ ಮಾರ್ಕೆಟ್ಟು, ಶೇವಂತಿಗೆಯ ವಾಸನೆ ಎಡಕ್ಕೆ ಬಂದರೆ ನಾನು ಸರಿಯಾದ ದಾರಿಯಲ್ಲಿದ್ದೇನೆ ಅಂತ ಲೆಕ್ಕ.

ರಸ್ತೆಯ ವಿಷಯ ಬೇಡ. ಫುಟ್‌ಪಾತಿನಲ್ಲಿ ಹಾಕುವ ಉಬ್ಬು ಗೆರೆಗಳ ಹಳದಿ ಟೈಲ್ಸ್ ಇದೆಯಲ್ಲ, 1965ರಲ್ಲಿ ಜಪಾನಿನ ಸೇಯಿಚಿ ಮಿಯಾಕೆ ಅನ್ನುವವರು ಕಂಡುಹಿಡಿದದ್ದು. ಉದ್ದ ಗೆರೆ ಇದ್ದರೆ ನಡೆ, ಗುಂಡು ಚುಕ್ಕೆ ಇದ್ದರೆ ನಿಲ್ಲು. ಮೆಟ್ರೋ ಸ್ಟೇಷನ್ನಿನೊಳಗೆ ಅದು ಸರಿಯಾಗಿಯೇ ಇದೆ. ಹೊರಗೆ ಬಂದ ಮೇಲೆ ನನ್ನನ್ನು ಅದು ಕೈಹಿಡಿದು ಕರೆದುಕೊಂಡು ಹೋಗಿ ಒಂದು ವಡಾಪಾವ್ ಗಾಡಿಯ ಎದುರು ಬಿಟ್ಟಿದೆ. ವಡಾಪಾವ್ ಚೆನ್ನಾಗಿತ್ತು.

ಜನರ ಸಹಾಯದ ಬಗ್ಗೆಯೂ ಒಂದೆರಡು ಮಾತು. ಮುಂಬಯಿಯವರಷ್ಟು ಬೇಗ ಸಹಾಯಕ್ಕೆ ಕೈ ಚಾಚುವವರು ಬೇರೆ ಊರಿನಲ್ಲಿ ಇಲ್ಲ, ಆದರೆ ಕೇಳಿ ಚಾಚುವುದಿಲ್ಲ. ಒಂದು ಸಲ ಅಂಧೇರಿಯಲ್ಲಿ ಗೋರೆಗಾಂವ್‌ಗೆ ಸ್ಲೋ ಟ್ರೈನಿಗಾಗಿ ಕಾಯುತ್ತಿದ್ದೆ. ವಿರಾರ್ ಫಾಸ್ಟ್ ಬಂತು, ಅದು ಗೋರೆಗಾಂವ್‌ನಲ್ಲಿ ನಿಲ್ಲುವುದಿಲ್ಲ. ‘ಅಂಧಳಾ ಆಹೇ, ಚಢವಾ ಚಢವಾ’ (ಕುರುಡ ಇದ್ದಾನೆ, ಹತ್ತಿಸಿ ಹತ್ತಿಸಿ) ಅಂತ ಯಾರೋ ಕೂಗಿದರು, ನಾಲ್ಕು ಕೈ ನನ್ನನ್ನು ಎತ್ತಿ ಒಳಗೆ ಹಾಕಿತು, ಇನ್ನೊಬ್ಬರು ಜಾಗ ಬಿಟ್ಟು ಕೂರಿಸಿದರು, ನಾನು ಬಾಯಿ ಬಿಡುವಷ್ಟರಲ್ಲಿ ಗೋರೆಗಾಂವ್ ಹಿಂದೆ ಹೋಗಿತ್ತು. ದಯವಿಟ್ಟು ರಟ್ಟೆ ಹಿಡಿದು ಎಳೆಯಬೇಡಿ. ‘ಸಹಾಯ ಬೇಕಾ’ ಅಂತ ಕೇಳಿ, ನಿಮ್ಮ ಮೊಣಕೈ ಕೊಡಿ, ನಾನು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತೇನೆ. ನೀವು ಮೆಟ್ಟಿಲು ಇಳಿದರೆ ನಿಮ್ಮ ಮೈಯೇ ನನಗೆ ಹೇಳುತ್ತದೆ. ಮತ್ತೆ ಮದುವೆ ಹಾಲಿನಲ್ಲಿ ಹಿಂದಿನಿಂದ ಬಂದು ಬೆನ್ನಿಗೆ ತಟ್ಟಿ ‘ನಾನು ಯಾರು ಹೇಳಿ ನೋಡುವಾ’ ಅನ್ನುವವರಿಗೆ: ಮುನ್ನೂರು ಜನ ಮಾತಾಡುವ ಹಾಲಿನಲ್ಲಿ, ನಾದಸ್ವರದ ನಡುವೆ, ಹದಿನೈದು ವರ್ಷದಿಂದ ಕೇಳದ ದನಿಯ ಹೆಸರು ಹೇಳಲು ನಾನು ಅಂಜನ ಹಾಕುವವನಲ್ಲ. ಹೆಸರು ಹೇಳಿ ಮಾತಾಡಿಸಿ. ಹೋಗುವಾಗಲೂ ಹೇಳಿ ಹೋಗಿ, ನೀವು ಹೋಗಿ ಐದು ನಿಮಿಷದ ಮೇಲೂ ನಾನು ಖಾಲಿ ಕುರ್ಚಿಯ ಹತ್ತಿರ ಮಾತಾಡಿದ್ದುಂಟು.

ಈಗ ನಾಚಿಕೆಯ ಕಥೆ. ನಮ್ಮ ಕಡೆಯ, ಮುಂಬಯಿಯಲ್ಲಿರುವವರದ್ದು ಒಂದು ವಾಟ್ಸ್‌ಆ್ಯಪ್ ಗುಂಪಿದೆ. ಅದರಲ್ಲಿ ಏನೇ ಬಂದರೂ ಚಿತ್ರವಾಗಿಯೇ ಬರುತ್ತದೆ. ಪೂಜೆಯ ಆಮಂತ್ರಣ, ವಿದ್ಯಾರ್ಥಿವೇತನದ ಪ್ರಕಟಣೆ, ರಕ್ತ ಬೇಕು ಅನ್ನುವುದು ಕೂಡ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಒಂದು ಚಿತ್ರ ಬಂತು. ಫೋನು ‘ಫೋಟೋ’ ಅಂದಿತು. ಅದರ ಕೆಳಗೆ ನಮ್ಮ ಹಿರಿಯರೊಬ್ಬರ ಹೆಸರು ಮಾತ್ರ ಅಕ್ಷರದಲ್ಲಿತ್ತು. ಆಮೇಲೆ ಸಾಲಾಗಿ ‘ಫೋಲ್ಡೆಡ್ ಹ್ಯಾಂಡ್ಸ್’, ‘ಫೋಲ್ಡೆಡ್ ಹ್ಯಾಂಡ್ಸ್’, ಎಲ್ಲರೂ ಕೈ ಮುಗಿದಿದ್ದಾರೆ. ಅದೇ ವಾರ ಅವರಿಗೆ ಒಂದು ಸನ್ಮಾನ ಇತ್ತು. ಅದರದ್ದೇ ಅಂದುಕೊಂಡು ಖುಷಿಯಿಂದ ಮಾತಿನಲ್ಲೇ ಟೈಪ್ ಮಾಡಿಸಿದೆ. ‘ಹಾರ್ದಿಕ ಅಭಿನಂದನೆಗಳು ಅಣ್ಣಾ, ಇನ್ನೂ ಎತ್ತರಕ್ಕೆ ಏರಿ.’ ಎರಡು ನಿಮಿಷಕ್ಕೆ ಅಳಿಯನ ಫೋನು. ‘ಮಾವ, ಅದನ್ನು ಬೇಗ ಡಿಲೀಟ್ ಮಾಡಿ. ಅವರು ರಾತ್ರಿ ತೀರಿಕೊಂಡಿದ್ದಾರೆ.’

ಉತ್ತರಕ್ರಿಯೆಯ ದಿನ ಹೋಗಿ ಅವರ ಹೆಂಡತಿಯ ಕೈ ಹಿಡಿದು, ತಪ್ಪಾಯಿತು ಅಕ್ಕ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಅವರು ಇರುತ್ತಿದ್ದರೆ ಮೊದಲು ನಗುತ್ತಿದ್ದವರು ಅವರೇ’ ಅಂದರು. ಗುಂಪಿನಲ್ಲಿ ಆಮೇಲೆ ಒಂದು ತಿಂಗಳು ಎಲ್ಲರೂ ಚಿತ್ರದ ಕೆಳಗೆ ಎರಡು ಸಾಲು ಬರೆದು ಹಾಕಿದರು. ಮತ್ತೆ ಮರೆತರು.

ಬ್ಯಾಂಕಿನವರ ಆ್ಯಪ್ ಬಗ್ಗೆ ಚಿಕ್ಕದಾಗಿ. ಕೆವೈಸಿ ಮಾಡುವಾಗ ಅದು ‘ಮುಖವನ್ನು ವೃತ್ತದೊಳಗೆ ತನ್ನಿ, ಕಣ್ಣು ಮಿಟುಕಿಸಿ’ ಅನ್ನುತ್ತದೆ. ಯಾವ ವೃತ್ತ? ಮೂರು ಸಲ ತಪ್ಪಿದ ಮೇಲೆ ಬಾಗಿಲು ಮುಚ್ಚುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇದೇ ವಿಷಯದಲ್ಲಿ, ಆಸಿಡ್ ದಾಳಿಗೆ ಒಳಗಾದವರು ಮತ್ತು ಕುರುಡರು ಹಾಕಿದ ಅರ್ಜಿಗಳ ಮೇಲೆ ತೀರ್ಪು ಕೊಟ್ಟು, ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ 20 ನಿರ್ದೇಶನ ಕೊಟ್ಟಿದೆ. ನನ್ನ ಬ್ರಾಂಚಿನಲ್ಲಿ ಈ ತೀರ್ಪಿನ ಮಾತು ಎತ್ತಿದೆ. ‘ಹೌದಾ ಅಂಕಲ್, ಮಗಳನ್ನು ಕರೆದುಕೊಂಡು ಬನ್ನಿ’ ಅಂದರು.

ನಾನು ಯಾರ ಸಹಾಯವೂ ಇಲ್ಲದೆ, ಪಕ್ಕದಲ್ಲಿ ಕೂತವರಿಗೆ ಸಮನಾಗಿ ಕೂರುವ ಒಂದು ಜಾಗ ಹೇಳಲಾ? ತಾಳಮದ್ದಳೆ. ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳು (ಪಾತ್ರಗಳ ಮಾತು, ಅಂದರೆ ಅರ್ಥ, ಹೇಳುವವರು) ಮುಂಬಯಿಗೆ ಬರುತ್ತಾರೆ, ನಮ್ಮವರ ಸಂಘಗಳಲ್ಲಿ ವಾರಕ್ಕೆ ಮೂರು ನಾಲ್ಕು ಕೂಟ. ವೇಷ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಭಾಗವತರ ಪದ, ಮದ್ದಳೆ, ಚೆಂಡೆ, ಮತ್ತೆ ಮಾತು. ಕೃಷ್ಣ ಬಂದದ್ದು, ಕರ್ಣ ಬಗ್ಗಿದ್ದು, ಸಭೆ ಬೆಚ್ಚಿದ್ದು ಎಲ್ಲ ಮಾತಿನಲ್ಲಿಯೇ ಆಗಬೇಕು, ಕಣ್ಣಿದ್ದವರಿಗೂ ಅಲ್ಲಿ ನೋಡಲು ಜುಬ್ಬಾ ಶಾಲು ಹಾಕಿ ಕೂತ ನಾಲ್ಕು ಗಂಡಸರು ಬಿಟ್ಟರೆ ಏನೂ ಇಲ್ಲ. ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥ ಏರುತ್ತಾ ಹೋದಾಗ ಪಕ್ಕದವರು ಉಸಿರು ಹಿಡಿಯುವ ಹೊತ್ತಿಗೇ ನಾನೂ ಹಿಡಿಯುತ್ತೇನೆ. ಇಂಥ ಕಲೆ ಕಟ್ಟಿದ ಜನ ನಾವು. ಕಳೆದ ವರ್ಷ ಅಲ್ಲಿಯೂ ಹೊಸದೊಂದು ಶುರುವಾಯಿತು. ಕಲಾವಿದರ ಹೆಸರು ಹೇಳುವ ಬದಲು ಹಿಂದಿನ ಎಲ್‌ಇಡಿ ಪರದೆಯಲ್ಲಿ ತೋರಿಸಿದರು. ಚಪ್ಪಾಳೆ ಬಿತ್ತು, ಯಾರಿಗೆ ಅಂತ ಗೊತ್ತಾಗದೆ ನಾನೂ ತಟ್ಟಿದೆ.

ದೇವಸ್ಥಾನದ ಬಗ್ಗೆ ಜನ ಕೇಳುತ್ತಾರೆ, ಕಾಣದವನು ದರ್ಶನಕ್ಕೆ ಯಾಕೆ ಕ್ಯೂ ನಿಲ್ಲುವುದು ಅಂತ. ಕರ್ಪೂರದ ಬಿಸಿ ಮುಖಕ್ಕೆ ತಾಗುತ್ತದೆ, ತೀರ್ಥ ತಣ್ಣಗೆ ಕೈಗೆ ಬೀಳುತ್ತದೆ. ನನ್ನ ಲೆಕ್ಕಕ್ಕೆ ಅಷ್ಟು ಸಾಕು. ನಿಮ್ಮಲ್ಲಿಯೂ ಹೆಚ್ಚಿನವರು ಕಣ್ಣು ಮುಚ್ಚಿಕೊಂಡೇ ನಿಲ್ಲುತ್ತೀರಿ ಅಂತ ಕೇಳಿದ್ದೇನೆ.

ಕೊನೆಗೆ ಅಕ್ಷರದ ವಿಷಯಕ್ಕೆ ಬರುತ್ತೇನೆ, ಪತ್ರಿಕೆಯವರಿಗೆ ಬರೆಯುವಾಗ ಅದು ಬೇಕೇ ಬೇಕು. ನಲವತ್ತು ದಾಟಿದ ಮೇಲೆ ನಾನು ವರ್ಲಿಗೆ ಹೋಗಿ ಬ್ರೈಲ್ ಕಲಿತೆ. ಆರು ಚುಕ್ಕೆಯ ಆಟ ಅದು. ಕಲಿಸಿದ ಮಾಸ್ತರರು ಮರಾಠಿಯವರು, ಅವರೂ ಕುರುಡರು, ಕನ್ನಡದ ಒಂದು ಅಕ್ಷರ ಗೊತ್ತಿಲ್ಲ. ಒಂದು ದಿನ ನಾನು ಕನ್ನಡದಲ್ಲಿ ಅಂತ ‘ಕಮಲ’ ಬರೆದು ಕೊಟ್ಟೆ. ಬೆರಳು ಆಡಿಸಿ ಓದಿಯೇಬಿಟ್ಟರು! 1951ರಲ್ಲಿ ನಮ್ಮ ದೇಶದ ಭಾಷೆಗಳಿಗೆಲ್ಲ ಸೇರಿಸಿ ಭಾರತಿ ಬ್ರೈಲ್ ಅಂತ ಒಂದೇ ಲಿಪಿ ಮಾಡಿದ್ದಾರೆ. ಒಂದನೆಯ ಮತ್ತು ಮೂರನೆಯ ಚುಕ್ಕೆ ಉಬ್ಬಿದ್ದರೆ ಅದು ಕನ್ನಡದ ‘ಕ’, ಮರಾಠಿಯದ್ದೂ ಅದೇ, ಹಿಂದಿಯದ್ದೂ ಅದೇ. ಬೋರ್ಡಿನ ಅಕ್ಷರಕ್ಕೆ ನಮ್ಮ ಎರಡು ರಾಜ್ಯದವರು ಹೊಡೆದಾಡುವ ಸುದ್ದಿ ಕೇಳಿದಾಗಲೆಲ್ಲ ನನಗೆ ಮಾಸ್ತರರ ಬೆರಳು ನೆನಪಾಗುತ್ತದೆ.

ಆದರೆ ಕನ್ನಡ ಪತ್ರಿಕೆ ಬ್ರೈಲ್‌ನಲ್ಲಿ ಬರಲಿ ಅಂತ ನಾನು ಕೇಳುವುದಿಲ್ಲ. ಫೋನು ಸಾಕು, ಅದು ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ, ಸ್ವಲ್ಪ ಮೂಗಿನಲ್ಲಿ. ಅದಕ್ಕೆ ಬೇಕಾದದ್ದು ಚಿತ್ರವಲ್ಲ, ಯಾವ ಫೋನಿಗೂ ಕನ್ನಡ ಅಂತಲೇ ಗೊತ್ತಾಗುವ ಯೂನಿಕೋಡ್ ಅಕ್ಷರ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷಿನ ಚೂರುಪಾರು ಇರುತ್ತದೆ, ಫೋನು ಅದನ್ನು ಓದಿದರೆ ಭೂತ ಬಂದವರ ಹಾಗೆ ಕೇಳುತ್ತದೆ. ನೀವು ಪುಟ ಕಟ್ಟುವಾಗ ಅಕ್ಷರ ನಿಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಫೋಟೋ ಮಾಡಿ ಹಾಕುವ ಬದಲು, ಪುಟದ ಜೊತೆಯಲ್ಲಿ ಅಕ್ಷರವನ್ನೂ ಯೂನಿಕೋಡಿನಲ್ಲಿ ಇಟ್ಟರೆ ನನಗಷ್ಟೇ ಅಲ್ಲ, ಕನ್ನಡಕದ ನಂಬರು ಏರಿದ ನನ್ನ ಭಾವನಿಗೂ ಆಗುತ್ತದೆ, ಅವರು ಈಗಾಗಲೇ ಎರಡು ಬೆರಳಿನಲ್ಲಿ ಪುಟವನ್ನು ಎಳೆದೆಳೆದು ಸುಸ್ತಾಗಿದ್ದಾರೆ. ಫೋಟೋದ ಕೆಳಗೆ ‘ಕಾರ್ಯಕ್ರಮದ ಒಂದು ನೋಟ’ ಅಂತ ಬರೆಯುತ್ತೀರಲ್ಲ, ಅಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಒಂದು ಸಾಲು ಬರೆಯಿರಿ. ಚುನಾವಣೆಯ ದಿನ ‘ಫಲಿತಾಂಶ ಚಿತ್ರದಲ್ಲಿ’ ಅಂತ ಮುಗಿಸಬೇಡಿ, ಅಂಕಿಯನ್ನು ಬಾಯಿಬಿಟ್ಟು ಹೇಳಿ.

ಈ ಪತ್ರ ಹಾಕುವುದಾದರೆ ದಯವಿಟ್ಟು ವೆಬ್‌ಸೈಟಿನಲ್ಲಿ ಅಕ್ಷರವಾಗಿ ಹಾಕಿ. ಇ-ಪೇಪರಿನಲ್ಲಿ ಮಾತ್ರ ಬಂದರೆ ಭಾವ ಬೆಳಗ್ಗೆ ಫೋನ್ ಮಾಡಿ ಚಂದ ಬರೆದಿದ್ದೀರಿ ಅನ್ನುತ್ತಾರೆ, ನಾನು ತೆರೆದರೆ ಫೋನು ನನ್ನ ಪತ್ರವನ್ನೇ ನನಗೆ ‘ಇಮೇಜ್’ ಅನ್ನುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ, ವಸಾಯಿ